ಬಯಲುಸೀಮೆಯ ಲೆಕ್ಕಕ್ಕೆ ಸಿಗದ ಬೆಟ್ಟಗಳು

ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಹೆಸರು ರಾಜ್ಯದ ಪತ್ರಿಕೆಗಳಲ್ಲಿ ದೊಡ್ಡದಾಗಿ ಅಚ್ಚಾದದ್ದು 2023ರ ನವೆಂಬರ್ ಆರಂಭದಲ್ಲಿ, ಅದೂ ಸೊಳ್ಳೆಯ ದೆಸೆಯಿಂದ. ಆಗಸ್ಟ್‌ನಲ್ಲಿ ಅಲ್ಲಿ ಹಿಡಿದು ಪರೀಕ್ಷೆಗೆ ಕಳಿಸಿದ್ದ ಸೊಳ್ಳೆಗಳಲ್ಲಿ ಝೀಕಾ ವೈರಾಣು ಇದೆ ಎಂಬ ವರದಿ ಎರಡು ತಿಂಗಳ ಮೇಲೆ ಬಂತು. ಸುತ್ತಲಿನ ಐದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಕಟ್ಟೆಚ್ಚರ ಸಾರಿದರು. ಗರ್ಭಿಣಿಯರ, ಜ್ವರ ಬಂದವರ ರಕ್ತದ ಮಾದರಿ ಬೆಂಗಳೂರಿಗೆ ಹೋಯಿತು. ಮೇಲಧಿಕಾರಿಗಳ ಜೀಪುಗಳು ಬಂದವು, ಫಾಗಿಂಗ್ ಆಯಿತು, ಟಿ.ವಿ. ಕ್ಯಾಮೆರಾಗಳೂ ಬಂದು ಹೋದವು. ವೈರಾಣು ಸಿಕ್ಕಿದ್ದು ಸೊಳ್ಳೆಯಲ್ಲಿ, ಮನುಷ್ಯರಲ್ಲಲ್ಲ ಎಂಬ ಸಮಾಧಾನದೊಂದಿಗೆ ಸುದ್ದಿ ಕೆಲವೇ ದಿನಗಳಲ್ಲಿ ತಣ್ಣಗಾಯಿತು. ಆ ಐದು ಕಿಲೋಮೀಟರನ್ನು ಮನೆಮನೆಯಾಗಿ ನಡೆದವರು ಯಾರು, ಹೇಗೆ ನಡೆದರು ಎಂದು ಯಾರೂ ಕೇಳಲಿಲ್ಲ. ಕಚೇರಿಯ ಗೋಡೆಯ ನಕ್ಷೆಯ ಮೇಲೆ ಐದು ಕಿಲೋಮೀಟರ್ ಎಂದರೆ ಒಂದು ದುಂಡನೆಯ ಗೆರೆ. ನೆಲದ ಮೇಲೆ ಅದು ಗುಡ್ಡ ಸುತ್ತಿ ಹೋಗುವ ಬಂಡಿಜಾಡು, ಮಳೆ ಬಂದರೆ ಹರಿಯುವ ಹಳ್ಳ, ಬಂಡೆಗಳ ನಡುವಿನ ಹೊಲಗಳಾಚೆ ಇಪ್ಪತ್ತು ಮನೆಗಳ ಒಂದು ಊರು, ಅಲ್ಲಿಂದ ಮತ್ತೊಂದು ಗುಡ್ಡದ ಮಗ್ಗುಲಲ್ಲಿ ಇನ್ನೊಂದು.

ಚಿಕ್ಕಬಳ್ಳಾಪುರ ಜಿಲ್ಲೆಯ ಆರೋಗ್ಯ ಕಾರ್ಯಕರ್ತರ ಕಷ್ಟದ ಬೇರು ಈ ಎರಡು ಅಳತೆಗಳ ನಡುವಿನ ಅಂತರದಲ್ಲಿದೆ ಎಂಬುದು ಈ ಲೇಖನದ ವಾದ. ಸರ್ಕಾರ ದೂರವನ್ನು ಎರಡು ಬಗೆಯಲ್ಲಿ ಎಣಿಸುತ್ತದೆ: ತಲೆಲೆಕ್ಕ ಮತ್ತು ಹಣೆಪಟ್ಟಿ. ಎಷ್ಟು ಜನ ಇದ್ದಾರೆ ಎಂಬುದು ಮೊದಲನೆಯದು. ಆ ಪ್ರದೇಶ ಮಲೆನಾಡೋ, ಬುಡಕಟ್ಟು ಪ್ರದೇಶವೋ, ಬಯಲುಸೀಮೆಯೋ ಎಂಬುದು ಎರಡನೆಯದು. ನಂದಿ, ಬ್ರಹ್ಮಗಿರಿ, ಸ್ಕಂದಗಿರಿ, ಚನ್ನಗಿರಿಗಳನ್ನು ಬೆನ್ನಿಗಿಟ್ಟುಕೊಂಡ ಈ ಜಿಲ್ಲೆ ಎರಡನೇ ಲೆಕ್ಕದಲ್ಲಿ ಬಯಲುಸೀಮೆ. ಹಾಗಾಗಿ ಮೊದಲನೇ ಲೆಕ್ಕವೂ ಬಯಲಿನದೇ ಆಗಿಬಿಡುತ್ತದೆ. ಗುಡ್ಡ ಹತ್ತುವ ನರ್ಸಮ್ಮನಿಗೆ ಬಯಲಿನ ಜನಸಂಖ್ಯೆ, ಬಯಲಿನ ಗುರಿ, ಬಯಲಿನ ಭತ್ಯೆ. ಕಷ್ಟ ಬೆಟ್ಟದ್ದು, ಕಡತ ಬಯಲಿನದು.

ಕಡತದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ದೇಶದ ಸಾರ್ವಜನಿಕ ಆರೋಗ್ಯ ಮಾನದಂಡದ ಪ್ರಕಾರ ಬಯಲು ಪ್ರದೇಶದಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ. ಗುಡ್ಡಗಾಡು, ಬುಡಕಟ್ಟು ಮತ್ತು ದುರ್ಗಮ ಪ್ರದೇಶದಲ್ಲಿ 3,000ಕ್ಕೆ ಒಂದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಬಯಲಿನಲ್ಲಿ 30,000, ಗುಡ್ಡಗಾಡಿನಲ್ಲಿ 20,000. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಆಶಾ ಕಾರ್ಯಕರ್ತೆಯರಿಗೂ ಇದೇ ರೀತಿ: ಸಾಮಾನ್ಯವಾಗಿ 1,000 ಜನಕ್ಕೆ ಒಬ್ಬರು, ಗುಡ್ಡಗಾಡು, ಬುಡಕಟ್ಟು, ಮರುಭೂಮಿ ಪ್ರದೇಶದಲ್ಲಿ ಕೆಲಸದ ಹೊರೆ ನೋಡಿಕೊಂಡು ಜನವಸತಿಗೆ ಒಬ್ಬರು. ನಿಯಮ ಮಾಡಿದವರಿಗೆ ಬೆಟ್ಟದ ಕಷ್ಟ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿದ್ದೇ ರಿಯಾಯಿತಿ ಇಟ್ಟರು. ಪ್ರಶ್ನೆ ಇರುವುದು ಆ ರಿಯಾಯಿತಿಯ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದರಲ್ಲಿ. ಐದು ಸಾವಿರ ಜನ ಒಂದೆರಡು ದೊಡ್ಡ ಊರುಗಳಲ್ಲಿ ಒತ್ತಾಗಿದ್ದರೆ ಉಪಕೇಂದ್ರದ ಒಬ್ಬ ನರ್ಸಮ್ಮ, ಅಂದರೆ ಎಎನ್‌ಎಂ ಹೇಗೋ ನಿಭಾಯಿಸಿಯಾರು. ಅದೇ ಐದು ಸಾವಿರ ಜನ ನಾನೂರು ಐನೂರರಂತೆ ಹತ್ತು ಹನ್ನೆರಡು ಊರುಗಳಲ್ಲಿ ಚದುರಿದ್ದರೆ, ಊರು ಊರಿನ ನಡುವೆ ಗುಡ್ಡವೋ ಕೆರೆಯಂಗಳವೋ ಇದ್ದರೆ, ಕಾಗದದ ಮೇಲೆ ಎರಡೂ ಒಂದೇ. ಕಾಲಿಗೆ ಮಾತ್ರ ಬೇರೆ. 2011ರ ಜನಗಣತಿಯಲ್ಲಿ 12.55 ಲಕ್ಷ ಜನರಿದ್ದ ಈ ಜಿಲ್ಲೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಹಳ್ಳಿಗಳಲ್ಲಿದ್ದಾರೆ.

ಹಣೆಪಟ್ಟಿ ಹಂಚುವ ಕ್ರಮವೂ ವಿಚಿತ್ರ. ಐದನೇ ಪಂಚವಾರ್ಷಿಕ ಯೋಜನೆಯ ಕಾಲಕ್ಕೆ ಪಶ್ಚಿಮಘಟ್ಟ ಅಭಿವೃದ್ಧಿ ಕಾರ್ಯಕ್ರಮಕ್ಕೆ ತಾಲ್ಲೂಕುಗಳನ್ನು ಆರಿಸುವಾಗ, ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿರುವ ನೆಲ ಕನಿಷ್ಠ ಶೇ 20ರಷ್ಟಿರಬೇಕು, ಘಟ್ಟಕ್ಕೆ ಹೊಂದಿಕೊಂಡಿರಬೇಕು ಎಂದು ಅಳತೆಗೋಲು ಇಟ್ಟರು. ಬರೀ ಎತ್ತರವನ್ನೇ ನೋಡಿದರೆ ಚಿಕ್ಕಬಳ್ಳಾಪುರ ಪಟ್ಟಣವೇ 900 ಮೀಟರ್ ಆಸುಪಾಸಿನಲ್ಲಿದೆ. ತಗ್ಗಿನಲ್ಲಿರುವ ಗೌರಿಬಿದನೂರೂ 600 ದಾಟಿದೆ. ನಂದಿಯ ನೆತ್ತಿ 1,478 ಮೀಟರ್. ಆದರೆ ಈ ಬೆಟ್ಟಗಳು ಘಟ್ಟದ ಸಾಲಿನವಲ್ಲ, ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ಕಗ್ಗಲ್ಲು. ಇವಕ್ಕೆ ಮಲೆನಾಡಿನ ಪಟ್ಟಿಯಲ್ಲಿ ಜಾಗವಿಲ್ಲ. ಬುಡಕಟ್ಟು ಪ್ರದೇಶದ ಬಾಗಿಲಾದರೂ ತೆರೆದಿದೆಯೇ ಎಂದರೆ ಅದೂ ಇಲ್ಲ. ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದವರು ಸೇರಿ ಮೂರನೇ ಒಂದು ಪಾಲಿಗಿಂತ ಹೆಚ್ಚಿದ್ದಾರೆ, ಆದರೆ ಅವರು ಎಲ್ಲ ಊರುಗಳಲ್ಲಿ ಹರಡಿಕೊಂಡಿದ್ದಾರೆ. ಕಾಡಿನೊಳಗೆ ಒಂದೆಡೆ ನೆಲೆಸಿದ ಬುಡಕಟ್ಟಿನ ಚಿತ್ರಕ್ಕೆ ಅವರು ಹೊಂದುವುದಿಲ್ಲ. ಹೀಗೆ ಎರಡೂ ಕಡೆಯಿಂದ ಜಾರಿದ ಊರುಗಳು ಬಯಲುಸೀಮೆಯ ಲೆಕ್ಕದ ಪುಸ್ತಕಕ್ಕೆ ಬಂದು ಬೀಳುತ್ತವೆ.

ಇಲ್ಲಿ ಏಳುವ ಮೊದಲ ಆಕ್ಷೇಪ ಎಲ್ಲರಿಗೂ ಹೊಳೆಯುವಂಥದ್ದೇ. ಬೆಂಗಳೂರಿನಿಂದ ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದ ಜಿಲ್ಲೆಗೆ ದುರ್ಗಮ ಎಂಬ ಮಾತು ಒಪ್ಪುತ್ತದೆಯೇ? ಮಲೆ ಮಹದೇಶ್ವರ ಬೆಟ್ಟದ ಕಾಡಿನ ಊರುಗಳಿಂದ ರೋಗಿಯನ್ನು ಡೋಲಿ ಕಟ್ಟಿ ಹೊತ್ತು ತರುತ್ತಾರೆ. ಅದರ ಮುಂದೆ ಇದೇನು ಕಷ್ಟ? ಹೋಲಿಸಿದರೆ ಇದು ಸಣ್ಣದೇ ಹೌದು. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ನಾಲ್ಕೂ ಒಂದೇ ರಾಷ್ಟ್ರೀಯ ಹೆದ್ದಾರಿಯ ಮೇಲೆ ಸಾಲಾಗಿ ಕೂತಿವೆ. ಹಿಂದೆ 234, ಈಗ 69 ಎಂಬ ಸಂಖ್ಯೆಯ ರಸ್ತೆ ಅದು. ಬೆಂಗಳೂರು–ಹೈದರಾಬಾದ್ ಹೆದ್ದಾರಿ ಚಿಕ್ಕಬಳ್ಳಾಪುರವನ್ನು ಹಾದು ಹೋಗುತ್ತದೆ. ಆದರೆ ಈ ಹತ್ತಿರವೇ ಒಂದು ತೊಡಕು ಎಂಬುದನ್ನು ಆಕ್ಷೇಪ ಎತ್ತುವವರು ಗಮನಿಸುವುದಿಲ್ಲ. ಮಹದೇಶ್ವರ ಬೆಟ್ಟದಲ್ಲಿ ಕೆಲಸಕ್ಕೆ ಸೇರಿದ ವೈದ್ಯ ಅಲ್ಲೇ ಇರಬೇಕು, ಇಲ್ಲವೇ ಬಿಟ್ಟು ಹೋಗಬೇಕು. ಇಲ್ಲಿ ಮೂರನೇ ದಾರಿಯೊಂದಿದೆ: ಬೆಂಗಳೂರಿನಲ್ಲಿ ಮನೆ ಮಾಡಿ ದಿನಾ ಓಡಾಡುವುದು. ಮಕ್ಕಳ ಶಾಲೆ, ಗಂಡನ ಅಥವಾ ಹೆಂಡತಿಯ ನೌಕರಿ, ಸ್ನಾತಕೋತ್ತರ ಪರೀಕ್ಷೆಯ ತಯಾರಿ ಎಲ್ಲವೂ ಅತ್ತ ಎಳೆಯುವಾಗ ಅದನ್ನು ತಪ್ಪು ಎನ್ನುವುದೂ ಕಷ್ಟ. ಹಳ್ಳಿಯಲ್ಲಿ ಕೆಲಸ ಮಾಡುವ ಸರ್ಕಾರಿ ನೌಕರರಿಗೆ ಮೂಲ ವೇತನದ ಶೇ 7.5 ಮನೆ ಬಾಡಿಗೆ ಭತ್ಯೆ, ಬೆಂಗಳೂರಿನಲ್ಲಿರುವವರಿಗೆ ಶೇ 20. ಬಾಡಿಗೆಯ ದೃಷ್ಟಿಯಿಂದ ಇದಕ್ಕೆ ಸಮರ್ಥನೆ ಇದೆ. ಹಳ್ಳಿಯಲ್ಲಿ ಉಳಿಯಿರಿ ಎಂದು ಕರೆಯುವ ದನಿಯಂತೂ ಅದರಲ್ಲಿಲ್ಲ. ವೈದ್ಯಕೀಯ ಪದವಿ ಮುಗಿಸಿದವರಿಗೆ ಒಂದು ವರ್ಷದ ಕಡ್ಡಾಯ ಸೇವೆಯ ಕಾನೂನನ್ನು ರಾಜ್ಯ 2012ರಲ್ಲೇ ಮಾಡಿತು. ಒಂದು ವರ್ಷದಲ್ಲಿ ಒಬ್ಬ ವೈದ್ಯನಿಗೆ ಊರಿನ ಹಾದಿ ತಿಳಿಯುವ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ಹತ್ತಿರದ ಇನ್ನೊಂದು ತೊಡಕು ಆಂಬುಲೆನ್ಸಿನದು. 2008ರಲ್ಲಿ ರಾಜ್ಯದಲ್ಲಿ 108 ಆರೋಗ್ಯ ಕವಚ ಶುರುವಾದ ಮೇಲೆ ಹೆರಿಗೆ ನೋವಿನಲ್ಲಿದ್ದ ಹೆಂಗಸನ್ನು ಎತ್ತಿನ ಗಾಡಿಯಲ್ಲಿ ತರುವ ಕಾಲ ಬಹುಪಾಲು ಮುಗಿಯಿತು. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ವಲ್ಪ ತೊಡಕು ಕಂಡರೂ ಬಾಣಂತಿಯನ್ನೋ ಕೂಸನ್ನೋ ಬೆಂಗಳೂರಿಗೆ ಬರೆದುಕೊಡುವುದು ಸುಲಭ, ಏಕೆಂದರೆ ಬೆಂಗಳೂರು ಹತ್ತಿರ. ಹಾಗೆ ಹೊರಟ ವಾಹನ ಹೆಬ್ಬಾಳದ ದಟ್ಟಣೆ ದಾಟಿ, ರೋಗಿಯನ್ನು ಇಳಿಸಿ, ವಾಪಸಾಗಲು ಅರ್ಧ ದಿನ ಬೇಕು. ಅಷ್ಟು ಹೊತ್ತು ಗುಡ್ಡದ ಮಗ್ಗುಲಿನ ಊರಿಗೆ ಆಂಬುಲೆನ್ಸ್ ಇಲ್ಲ. ಹೊಲದಲ್ಲಿ ಹಾವು ಕಚ್ಚಿದವನಿಗೆ ಆ ಅರ್ಧ ದಿನವೇ ಇಡೀ ಆಯುಷ್ಯ. ಬಂಡೆ, ಕುರುಚಲು, ನೆಲಗಡಲೆ ಹೊಲಗಳ ಈ ಸೀಮೆ ಗರಗಸಮಂಡಲ, ಕೊಳಕುಮಂಡಲಗಳಿಗೆ ಹೇಳಿ ಮಾಡಿಸಿದ ನೆಲೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಒಳ್ಳೆಯ ನಿರ್ಧಾರ. ಆದರೆ ವರದಿ ಆಸ್ಪತ್ರೆ ತಲುಪಿದವನದು. ವಿಷಹಾರಿ ಔಷಧ ಇರುವ ಕೇಂದ್ರಕ್ಕೆ ಊರಿನಿಂದ ಎಷ್ಟು ನಿಮಿಷ ಎಂಬ ಕಾಲಂ ಇನ್ನೂ ಯಾವ ನಮೂನೆಯಲ್ಲೂ ಕಾಣಿಸುವುದಿಲ್ಲ.

ರಸ್ತೆಗಳು ಆಗಿವೆಯಲ್ಲ ಎನ್ನಬಹುದು. ಆಗಿವೆ. ಆದರೆ ರಸ್ತೆ ಇರುವುದು ಬೇರೆ, ರಸ್ತೆಯಲ್ಲಿ ಬಸ್ಸಿರುವುದು ಬೇರೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಆಶಾ ಕಾರ್ಯಕರ್ತೆಗೂ ಬಸ್ ಪ್ರಯಾಣ ಉಚಿತವಾಯಿತು. ಬಸ್ಸೇ ಹೋಗದ ಊರಿಗೆ ಅವಳು ಷೇರ್ ಆಟೊಗೆ ಕೈಯಿಂದಲೇ ಕೊಡಬೇಕು. ಬೆಟ್ಟದ ರಸ್ತೆಗಳಿಗೆ ಅವುಗಳದೇ ಗುಣವೂ ಇದೆ. 2021ರ ಆಗಸ್ಟ್‌ನಲ್ಲಿ ಒಂದು ರಾತ್ರಿಯ ಮಳೆಗೆ ಬ್ರಹ್ಮಗಿರಿಯ ಕಡೆಯಿಂದ ಮಣ್ಣು, ಬಂಡೆ ಜಾರಿ ನಂದಿಬೆಟ್ಟದ ರಸ್ತೆಯೇ ಕಡಿದುಹೋಯಿತು. ಅದು ಪ್ರವಾಸಿಗರ ರಸ್ತೆ, ಹಾಗಾಗಿ ಸುದ್ದಿಯಾಯಿತು, ದುರಸ್ತಿಯೂ ಆಯಿತು. 2023ರಲ್ಲಿ ಅದೇ ಬೆಟ್ಟಕ್ಕೆ ರೋಪ್‌ವೇಗೂ ಶಂಕುಸ್ಥಾಪನೆಯಾಗಿದೆ. ಸೂರ್ಯೋದಯ ನೋಡುವವರನ್ನು ಮೇಲಕ್ಕೆ ಕರೆದೊಯ್ಯಲು ಇಷ್ಟು ಯೋಚಿಸುವ ರಾಜ್ಯ, ಲಸಿಕೆ ಡಬ್ಬಿ ಹೊತ್ತವಳ ಬಗ್ಗೆ ಅದರ ಕಾಲುಭಾಗ ಯೋಚಿಸಿದ್ದರೂ ಸಾಕಿತ್ತು.

ಲಸಿಕೆಯ ಮಾತು ಬಂದದ್ದರಿಂದ ಗುರುವಾರದ ಲೆಕ್ಕ ನೋಡಬೇಕು. ಕರ್ನಾಟಕದಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ದಿನ ಗುರುವಾರ. ಪಿಎಚ್‌ಸಿಯಿಂದ ಹೊರಡುವ ಲಸಿಕೆ ಡಬ್ಬಿಯೊಳಗೆ ಐಸ್‌ಪ್ಯಾಕುಗಳ ನಡುವೆ ತಾಪಮಾನ 2ರಿಂದ 8 ಡಿಗ್ರಿಯೊಳಗೇ ಇರಬೇಕು. ದಡಾರ–ರುಬೆಲ್ಲಾ, ಬಿಸಿಜಿಯಂಥ ಪುಡಿ ಲಸಿಕೆಯನ್ನು ದ್ರಾವಣಕ್ಕೆ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಬಿಸಾಡಬೇಕು. ದೊಡ್ಡ ಊರಿನಲ್ಲಿ ಸೀಸೆ ಒಡೆದರೆ ಅದಕ್ಕೆ ತಕ್ಕಷ್ಟು ಮಕ್ಕಳು ಸೇರುತ್ತಾರೆ. ಐವತ್ತು ಮನೆಗಳ ಊರಿನಲ್ಲಿ ಒಂದು ಮಗುವಿಗಾಗಿ ಸೀಸೆ ಒಡೆಯುವುದೇ, ಇಲ್ಲ ಮುಂದಿನ ತಿಂಗಳು ಬನ್ನಿ ಎನ್ನುವುದೇ? ಒಡೆದರೆ ಲಸಿಕೆ ಪೋಲಾದ ಲೆಕ್ಕ ಕೇಳುತ್ತಾರೆ. ಒಡೆಯದಿದ್ದರೆ ಮಗು ಬಿಟ್ಟುಹೋದ ಲೆಕ್ಕ ಕೇಳುತ್ತಾರೆ. ಈ ಇಕ್ಕಟ್ಟಿನಲ್ಲಿ ಎಎನ್‌ಎಂ ಮಾಡುವುದು ಸಹಜವಾದದ್ದನ್ನೇ: ಮೂರು ಊರಿನ ತಾಯಂದಿರನ್ನು ರಸ್ತೆ ಬದಿಯ ಒಂದು ಅಂಗನವಾಡಿಗೆ ಬರಹೇಳುತ್ತಾಳೆ. ಅಂದರೆ ಬೆಟ್ಟ ಇಳಿಯುವ ಭಾರ ಎಳೆಗೂಸನ್ನು ಎತ್ತಿಕೊಂಡ ಬಾಣಂತಿಯ ಮೇಲೆ ಬೀಳುತ್ತದೆ. ಕೂಲಿ ಬಿಟ್ಟು ಬರಲಾಗದವಳು ಬರುವುದಿಲ್ಲ. ಆಮೇಲೆ ಅವಳ ಮನೆಗೆ ಆಶಾ ಓಡಬೇಕು.

ಹೆರಿಗೆಯ ನಂತರದ ಭೇಟಿಗಳದು ಇನ್ನೂ ಸೂಕ್ಷ್ಮ ಲೆಕ್ಕ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ 3, 7, 14, 21, 28 ಮತ್ತು 42ನೇ ದಿನ, ಒಟ್ಟು ಆರು ಸಲ ಹೋಗಬೇಕು. ಕೂಸಿನ ತೂಕ, ಮೈಬಿಸಿ, ಹೊಕ್ಕುಳು, ಹಾಲು ಕುಡಿಯುವ ರೀತಿ, ತಾಯಿಯ ರಕ್ತಸ್ರಾವ ಎಲ್ಲ ನೋಡಬೇಕು. ನವಜಾತ ಶಿಶುಗಳ ಸಾವು ತಡೆಯುವ ಕಾರ್ಯಕ್ರಮಗಳಲ್ಲಿ ಇದು ನಿಜಕ್ಕೂ ಬೆಲೆಯುಳ್ಳದ್ದು. ಆರೂ ಭೇಟಿ ಮುಗಿಸಿದರೆ ಗೌರವಧನ ₹250. ಅಂದರೆ ಭೇಟಿಗೆ ನಲವತ್ತು ರೂಪಾಯಿ ಚಿಲ್ಲರೆ. ಬೀದಿಯಾಚೆಯ ಮನೆಗೂ ಅಷ್ಟೇ, ಗುಡ್ಡದಾಚೆಯ ಮನೆಗೂ ಅಷ್ಟೇ. ಒಂದು ಕಡೆ ಹತ್ತು ನಿಮಿಷದ ಕೆಲಸ, ಇನ್ನೊಂದು ಕಡೆ ಅರ್ಧ ದಿನ. ಕೆಲಸಕ್ಕೆ ದರ ಕಟ್ಟಿ ವೇಳೆಗೆ ಕಟ್ಟದಿದ್ದರೆ ಏನಾಗುತ್ತದೆಂದು ಊಹಿಸಲು ದೊಡ್ಡ ಅರ್ಥಶಾಸ್ತ್ರ ಬೇಡ: ಹತ್ತಿರದ ಮನೆಗೆ ಆರು ಭೇಟಿ ಆಗುತ್ತದೆ, ದೂರದ ಮನೆಗೆ ಆರು ಸಹಿ ಆಗುತ್ತದೆ. ಇದನ್ನು ಕಾರ್ಯಕರ್ತೆಯ ಅಪ್ರಾಮಾಣಿಕತೆ ಎಂದು ಬಯ್ಯುವವರು ಆ ದರ ಕಟ್ಟಿದ ಮೇಜನ್ನೂ ಒಮ್ಮೆ ನೋಡಬೇಕು. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಧರಣಿ ಕೂತು, ತಿಂಗಳಿಗೆ ಕನಿಷ್ಠ ₹10,000 ಸಿಗುವಂತೆ ಮಾಡುವ ಭರವಸೆ ಪಡೆದರು. ನ್ಯಾಯವಾದ ಬೇಡಿಕೆ. ಆದರೆ ಆ ಹತ್ತು ಸಾವಿರವೂ ಸಮತಟ್ಟಾದದ್ದೇ. ಬೆಟ್ಟದವಳಿಗೆ ಅದರಲ್ಲಿ ಪ್ರತ್ಯೇಕ ಕಾಸಿಲ್ಲ.

ಬೆಟ್ಟ ಕೊಡುವ ಕಷ್ಟ ನಡಿಗೆಯದು ಮಾತ್ರವಲ್ಲ, ನೀರಿನದೂ ಹೌದು, ಮತ್ತು ಇದು ಮಲೆನಾಡಿನ ಬೆಟ್ಟಗಳಿಗೂ ಇಲ್ಲಿನವಕ್ಕೂ ಇರುವ ದೊಡ್ಡ ವ್ಯತ್ಯಾಸ. ಅಲ್ಲಿ ಬೆಟ್ಟ ನೀರು ಕೊಡುತ್ತದೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಪಾಗ್ನಿ, ಚಿತ್ರಾವತಿಗಳ ಹುಟ್ಟೆಲ್ಲ ಈ ಸೀಮೆಯ ಬೆಟ್ಟಗಳಲ್ಲೇ ಎಂದು ಪಠ್ಯಪುಸ್ತಕ ಹೇಳಿದರೂ ಇಲ್ಲಿನ ಕಗ್ಗಲ್ಲು ನೀರನ್ನು ಹಿಡಿದಿಡುವುದಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಅಷ್ಟು ಆಳದ ಕಲ್ಲಿನ ಸಂದಿಯಿಂದ ಬರುವ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮಕ್ಕಳು, ಕೀಲು ಬಿಗಿದು ಬೆನ್ನು ಬಾಗಿದ ಮುದುಕರು ಆಶಾ ಭೇಟಿ ಕೊಡುವ ಮನೆಗಳಲ್ಲಿ ಕೂತಿರುತ್ತಾರೆ. ಅವಳ ಚೀಲದಲ್ಲಿ ಅದಕ್ಕೆ ಮದ್ದಿಲ್ಲ. ಮದ್ದು ಇರುವುದು ಶುದ್ಧ ನೀರಿನ ಘಟಕದಲ್ಲಿ, ಆ ಘಟಕ ಇರುವುದು ದೊಡ್ಡ ಊರಿನಲ್ಲಿ. ಇನ್ನು ತಲಕಾಯಲಬೆಟ್ಟದ ಸೊಳ್ಳೆಯ ಕಥೆಗೂ ನೀರೇ ಮೂಲ. ಝೀಕಾ, ಡೆಂಗಿ, ಚಿಕುನ್‌ಗುನ್ಯಾ ಮೂರನ್ನೂ ಹರಡುವ ಈಡಿಸ್ ಸೊಳ್ಳೆ ಚರಂಡಿಯಲ್ಲಿ ಅಲ್ಲ, ಮನೆಯ ಡ್ರಮ್ಮು, ಸಿಮೆಂಟ್ ತೊಟ್ಟಿ, ಕೊಳಗದ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಉಜ್ಜಿ ತೊಳೆಯಿರಿ ಎಂಬುದು ಆರೋಗ್ಯ ಇಲಾಖೆಯ ಸೂಚನೆ. ನೀರು ಯಾವಾಗ ಬಂದೀತೋ ಗೊತ್ತಿಲ್ಲದ ಊರಿನಲ್ಲಿ ತುಂಬಿದ ತೊಟ್ಟಿಯನ್ನು ಚೆಲ್ಲು ಎಂದು ಹೇಳಬೇಕಾದವಳು ಅದೇ ಊರಿನ ಆಶಾ. ಅವಳ ಮನೆಯ ತೊಟ್ಟಿಯೂ ತುಂಬಿಯೇ ಇರುತ್ತದೆ. ಹೇಳುವವಳಿಗೂ ಕೇಳುವವಳಿಗೂ ಗೊತ್ತಿರುವ ಈ ಅಸಾಧ್ಯ ಸೂಚನೆಯನ್ನು ರಿಜಿಸ್ಟರಿನಲ್ಲಿ ‘ಅರಿವು ಮೂಡಿಸಲಾಯಿತು’ ಎಂದು ಬರೆದು ಮುಗಿಸುತ್ತಾರೆ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ತುಂಬಿಸಿದ್ದರಿಂದ ಅಂತರ್ಜಲ ಸುಧಾರಿಸಿದೆ ಎನ್ನುವವರೂ ಇದ್ದಾರೆ, ಆ ನೀರಿನ ಗುಣಮಟ್ಟದ ಬಗ್ಗೆ ಜಗಳ ತೆಗೆಯುವವರೂ ಇದ್ದಾರೆ. ಆ ವಾದ ಏನೇ ಇರಲಿ, ಪೈಪು ಹೋಗಿರುವುದು ಕೆರೆಗೆ, ಗುಡ್ಡದ ಊರಿನ ನಲ್ಲಿಗಲ್ಲ.

ಬೆಟ್ಟದ ಜನ ಯಾರು ಎಂಬುದೂ ಲೆಕ್ಕಕ್ಕೆ ಸಿಗುವುದಿಲ್ಲ. ಇಲ್ಲಿನ ಗುಡ್ಡಗಳಲ್ಲಿ ಕಲ್ಲು ಕ್ವಾರಿಗಳಿವೆ, ಕ್ರಷರ್‌ಗಳಿವೆ. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟದಲ್ಲಿ ಆರು ಮಂದಿ ಸತ್ತಾಗ ಎಲ್ಲರ ಗಮನ ಪರವಾನಗಿಯ ಮೇಲೆ, ಬಂಧನದ ಮೇಲೆ ಹೋಯಿತು. ದಿನವೂ ಕಲ್ಲಿನ ಪುಡಿ ಉಸಿರಾಡುವವರ ಎದೆಯ ಬಗ್ಗೆ ಅಂಥ ಗದ್ದಲ ಏಳುವುದಿಲ್ಲ. ಹೊರಗಿನಿಂದ ಬಂದು ಕ್ವಾರಿಯ ಬುಡದಲ್ಲಿ ಶೆಡ್ ಹಾಕಿಕೊಂಡ ಕುಟುಂಬಗಳು ಯಾವ ಊರಿನ ಕುಟುಂಬ ಪಟ್ಟಿಯಲ್ಲೂ ಇರುವುದಿಲ್ಲ. ಕೆಲಸ ಮುಗಿದರೆ ಎದ್ದು ಹೋಗುತ್ತವೆ. ಅವರಲ್ಲಿ ಒಬ್ಬಳು ಬಸುರಿಯಾದರೆ ಆಶಾಗೆ ಅದು ಗುರಿಯ ಹೊರಗಿನ ಕೆಲಸ. ಕ್ಷಯ ಇದ್ದರೆ ಇನ್ನೂ ಕಷ್ಟ, ಆರು ತಿಂಗಳ ಮಾತ್ರೆ ನಡುವೆ ನಿಲ್ಲುತ್ತದೆ. ಭಾಷೆಯದು ಮತ್ತೊಂದು. ಗೌರಿಬಿದನೂರಿನ ಗಡಿಯಾಚೆ ಹಿಂದೂಪುರ, ಚಿಂತಾಮಣಿಯ ಗಡಿಯಾಚೆ ಮದನಪಲ್ಲಿ. ಈ ಸೀಮೆಯ ಅನೇಕ ಮನೆಗಳ ಮಾತು ತೆಲುಗು. ಮದುವೆ ಸಂಬಂಧಗಳು ಗಡಿ ನೋಡುವುದಿಲ್ಲ. ಚೊಚ್ಚಿಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ, ತವರು ಆಂಧ್ರದಲ್ಲಿರುತ್ತದೆ. ತಾಯಿ ಕಾರ್ಡ್ ಒಂದು ರಾಜ್ಯದ್ದು, ಹೆರಿಗೆ ಇನ್ನೊಂದು ರಾಜ್ಯದ್ದು. ಐದು ತಿಂಗಳ ಕೂಸಿನೊಂದಿಗೆ ಮರಳಿ ಬಂದಾಗ ಎಷ್ಟು ಲಸಿಕೆ ಆಗಿದೆಯೆಂದು ಕಾರ್ಡ್ ಮತ್ತು ಅಜ್ಜಿಯ ನೆನಪು ಎರಡನ್ನೂ ಹೊಂದಿಸಿ ಎಎನ್‌ಎಂ ತೀರ್ಮಾನಿಸಬೇಕು. ತೆಲುಗು ಬಾರದ, ದೂರದ ಜಿಲ್ಲೆಯಿಂದ ವರ್ಗವಾಗಿ ಬಂದ ಎಎನ್‌ಎಂ ಆ ಅಜ್ಜಿಯನ್ನು ಏನೆಂದು ಕೇಳಿಯಾಳು? ಶಿಡ್ಲಘಟ್ಟದಲ್ಲಿ ರೇಷ್ಮೆ ಬೇರೆ: ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮನೆಯಲ್ಲಿ ಹಗಲು ರಾತ್ರಿ ಸೊಪ್ಪು ಹಾಕುವ ಕೆಲಸ, ಆ ವಾರ ಯಾವ ಹೆಂಗಸೂ ರಕ್ತದೊತ್ತಡ ನೋಡಿಸಿಕೊಳ್ಳಲು ಕೂರುವುದಿಲ್ಲ.

ಎರಡನೇ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ ಶೇ 97 ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಮುದ್ದೇನಹಳ್ಳಿಯಲ್ಲಿ ಉಚಿತ ಶಿಕ್ಷಣ, ಚಿಕಿತ್ಸೆಯ ಮತ್ತೊಂದು ವೈದ್ಯಕೀಯ ಕಾಲೇಜನ್ನು 2023ರ ಮಾರ್ಚ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ಜನ ಕೆಳಗಿಳಿದು ಬರುತ್ತಿರುವಾಗ, ಬಂದವರಿಗೆ ಒಳ್ಳೆಯ ಚಿಕಿತ್ಸೆ ಸಿಗುತ್ತಿರುವಾಗ, ಮುನ್ನೂರು ಜನರ ಊರಿಗೊಬ್ಬ ಕಾರ್ಯಕರ್ತೆ, ಮೂರು ಸಾವಿರಕ್ಕೊಂದು ಉಪಕೇಂದ್ರ ಎನ್ನುವುದು ದುಂದಲ್ಲವೇ? ಉತ್ತರ ಆ ಅಂಕಿಯ ಪಕ್ಕದ ಅಂಕಿಯಲ್ಲಿದೆ. ಹೆರಿಗೆ ಬಹುತೇಕ ಎಲ್ಲವೂ ಆಸ್ಪತ್ರೆಗೆ ಬಂದ ಮೇಲೂ, 2018–20ರ ಅವಧಿಗೆ ಕರ್ನಾಟಕದ ತಾಯಂದಿರ ಸಾವಿನ ಪ್ರಮಾಣ ಲಕ್ಷ ಜೀವಂತ ಜನನಕ್ಕೆ 69 ಇತ್ತು. ಅದೇ ಅವಧಿಗೆ ಕೇರಳದ್ದು 19. ಹೆರಿಗೆ ಮೇಜಿನವರೆಗೆ ತಂದದ್ದು ಒಂದು ಗೆಲುವು. ಮೇಜಿಗೆ ಬರುವ ಮುಂಚಿನ ಎಂಟು ತಿಂಗಳ ರಕ್ತಹೀನತೆ, ಏರುವ ರಕ್ತದೊತ್ತಡ, ಮನೆಗೆ ಹೋದ ಮೇಲಿನ ಆರು ವಾರ ಇವು ಆಸ್ಪತ್ರೆಯ ಗೋಡೆಯೊಳಗೆ ನಡೆಯುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆಯಂತೂ ಜೀವನಪೂರ್ತಿ ಮಾತ್ರೆಯ ವ್ಯವಹಾರ. ಇದನ್ನು ಸರ್ಕಾರವೂ ಒಪ್ಪಿರುವುದರಿಂದಲೇ ನೆರೆಯ ಕೋಲಾರದಲ್ಲಿ 2024ರ ಅಕ್ಟೋಬರ್‌ನಲ್ಲಿ ಗೃಹ ಆರೋಗ್ಯ ಯೋಜನೆ ಶುರುವಾಯಿತು: ಮನೆಬಾಗಿಲಲ್ಲಿ ತಪಾಸಣೆ, ಮನೆಬಾಗಿಲಿಗೆ ಮಾತ್ರೆ. ಮನೆಬಾಗಿಲಿಗೆ ಹೋಗಿ ಎನ್ನುವ ಪ್ರತಿ ಹೊಸ ಯೋಜನೆಯೂ ಚದುರಿದ ಊರಿನ ಕಾರ್ಯಕರ್ತೆಗೆ ದುಪ್ಪಟ್ಟು ಹೊರೆ. ಆಸ್ಪತ್ರೆ ದೊಡ್ಡದಾಗುತ್ತಾ ಹೋದಂತೆ ಮನೆಭೇಟಿಯ ಕೆಲಸ ಕಡಿಮೆಯಾಗುತ್ತದೆ ಎಂಬ ನಂಬಿಕೆ ತಲೆಕೆಳಗಾದದ್ದು.

ಇದಕ್ಕೆಲ್ಲ ಮೊಬೈಲ್ ಪರಿಹಾರ ಎಂಬ ಉತ್ಸಾಹವೂ ಇದೆ. ಇ–ಸಂಜೀವಿನಿಯಲ್ಲಿ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ವೈದ್ಯರೊಂದಿಗೆ ನೇರ ಮಾತಾಡಿ ರೋಗಿಗೆ ಔಷಧ ಕೊಡಿಸಬಹುದು. ಉಪಯೋಗವಿದೆ, ಅಲ್ಲಗಳೆಯುವಂತಿಲ್ಲ. ಆದರೆ ಬಸುರಿಯ ಹೊಟ್ಟೆ ಮುಟ್ಟಿ ನೋಡಲು, ಕೂಸನ್ನು ತಕ್ಕಡಿಗೆ ಹಾಕಲು, ಸೂಜಿ ಚುಚ್ಚಲು ಯಾರಾದರೂ ಅಲ್ಲಿರಲೇಬೇಕು. ಮೊಬೈಲ್ ಹೆಚ್ಚಾಗಿ ಇಳಿಸಿರುವುದು ಮೇಲಧಿಕಾರಿಯ ಕೆಲಸವನ್ನು, ಏರಿಸಿರುವುದು ಕೆಳಗಿನವಳ ಕೆಲಸವನ್ನು: ಗುಡ್ಡದ ಮಗ್ಗುಲಲ್ಲಿ ಸಿಗ್ನಲ್ ಸಿಗದೆ ಪುಸ್ತಕದಲ್ಲಿ ಬರೆದದ್ದನ್ನೇ ರಾತ್ರಿ ಮನೆಗೆ ಬಂದು ಆ್ಯಪ್‌ಗೆ ಮತ್ತೆ ತುಂಬಬೇಕು.

ಬೆಟ್ಟದಲ್ಲಿ ಆರೋಗ್ಯ ಸೇವೆ ಸಾಧ್ಯ ಎಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನ ಇದೆ. 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಎಚ್. ಸುದರ್ಶನ್ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದಾಗ ಅವರ ಬಳಿ ದೊಡ್ಡ ಆಸ್ಪತ್ರೆ ಇರಲಿಲ್ಲ. ಅಲ್ಲಿನ ಸೋಲಿಗ ಬುಡಕಟ್ಟಿನ ಹೆಣ್ಣುಮಕ್ಕಳಿಗೇ ಎಎನ್‌ಎಂ ತರಬೇತಿ ಕೊಟ್ಟು ಅವರ ಪೋಡುಗಳ (ಹಾಡಿಗಳ) ನಡುವೆಯೇ ಕೆಲಸಕ್ಕೆ ಇಟ್ಟದ್ದು ಆ ಪ್ರಯೋಗದ ಮುಖ್ಯ ಗುಟ್ಟು. ಅದಕ್ಕೆ ಸುದರ್ಶನ್ ಅವರಂಥ ಒಬ್ಬ ಮನುಷ್ಯ ಬೇಕು, ಎಲ್ಲ ಕಡೆ ಅಂಥವರು ಸಿಗುವುದಿಲ್ಲ ಎನ್ನುವುದು ನಿಜ. ಆದರೆ ಆ ಊರಿನವಳನ್ನೇ ಆ ಊರಿಗೆ ನೇಮಿಸುವುದಕ್ಕೆ ಮಹಾತ್ಮರೇನೂ ಬೇಕಿಲ್ಲ, ನೇಮಕಾತಿ ನಿಯಮದಲ್ಲಿ ಒಂದು ತಿದ್ದುಪಡಿ ಸಾಕು. ಗಡಿ ಊರುಗಳ ಉಪಕೇಂದ್ರಕ್ಕೆ ತೆಲುಗು, ಕನ್ನಡ ಎರಡೂ ಬಲ್ಲ ಸ್ಥಳೀಯರಿಗೆ ಆದ್ಯತೆ ಕೊಟ್ಟರೆ ಅರ್ಧ ದೂರ ಅಲ್ಲೇ ಕಡಿಮೆಯಾಗುತ್ತದೆ.

ಉಳಿದ ಅರ್ಧಕ್ಕೆ ಅಳತೆಗೋಲು ಬದಲಾಗಬೇಕು. ಇದು ಹೊಸ ಆವಿಷ್ಕಾರವೇನಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನವೇ, ಆಯ್ದ ಗುಡ್ಡಗಾಡು ಮತ್ತು ಮರುಭೂಮಿ ಜಿಲ್ಲೆಗಳಿಗೆ, ಮನೆಯಿಂದ ಅರ್ಧ ಗಂಟೆ ನಡಿಗೆಯೊಳಗೆ ಉಪಕೇಂದ್ರ ಸಿಗಬೇಕೆಂಬ ವೇಳೆಯ ಮಾನದಂಡವನ್ನು ಒಪ್ಪಿಕೊಂಡಿದೆ. ಆ ‘ಆಯ್ದ ಜಿಲ್ಲೆ’ ಎಂಬ ಮಾತನ್ನು ‘ಆಯ್ದ ಊರು’ ಎಂದು ಓದಿಕೊಂಡರೆ ಸಾಕು. ಜಿಲ್ಲೆ ಎಂಬುದು ಆಡಳಿತದ ಘಟಕ. ಬೆಟ್ಟಕ್ಕೆ ಅದರ ಹಂಗಿಲ್ಲ. ಹಾಗೆ ಬಿಟ್ಟರೆ ಎಲ್ಲರೂ ತಮ್ಮೂರು ದುರ್ಗಮ ಎಂದು ಅರ್ಜಿ ಹಾಕುತ್ತಾರೆ, ಶಾಸಕರ ಶಿಫಾರಸಿನ ಪಟ್ಟಿ ಉದ್ದವಾಗುತ್ತದೆ ಎಂಬ ಅಳುಕು ಇಲಾಖೆಗಿರುವುದು ಸಹಜ. ಆದರೆ ಹಿಂದುಳಿದಿರುವಿಕೆಯನ್ನು ಸಾಬೀತುಪಡಿಸುವುದಕ್ಕಿಂತ ವೇಳೆಯನ್ನು ಅಳೆಯುವುದು ಸುಲಭ, ವಶೀಲಿ ನುಗ್ಗುವುದು ಕಷ್ಟ. ಪ್ರತಿ ಊರಿನಿಂದ ಉಪಕೇಂದ್ರಕ್ಕೆ, ವಿಷಹಾರಿ ಔಷಧ ಇರುವ ಪಿಎಚ್‌ಸಿಗೆ, ಸಿಸೇರಿಯನ್ ಆಗುವ ಆಸ್ಪತ್ರೆಗೆ ಮಳೆಗಾಲದ ಒಂದು ದಿನ, ಬೇಸಿಗೆಯ ಒಂದು ದಿನ, ಜನ ನಿಜವಾಗಿ ಬಳಸುವ ವಾಹನದಲ್ಲಿ ಎಷ್ಟು ನಿಮಿಷ ಹಿಡಿಯುತ್ತದೆ? ಗ್ರಾಮ ಪಂಚಾಯಿತಿಯವರು, ಆಶಾ, ಬೇಕಿದ್ದರೆ ಹೈಸ್ಕೂಲ್ ಮೇಷ್ಟರು ಸೇರಿ ಒಂದು ತಿಂಗಳಲ್ಲಿ ಬರೆದು ಮುಗಿಸಬಹುದಾದ ಪಟ್ಟಿ ಇದು. ನಿಗದಿತ ವೇಳೆ ಮೀರಿದ ಊರುಗಳಿಗೆ ಜನಸಂಖ್ಯೆ ನೋಡದೆ ಒಬ್ಬ ಆಶಾ, ಭೇಟಿಗೆ ದೂರದ ಭತ್ಯೆ, ಒಂದು ಮಗುವಿಗಾದರೂ ಲಸಿಕೆ ಸೀಸೆ ಒಡೆಯುವ ಲಿಖಿತ ಅನುಮತಿ, ಮತ್ತು ತಾಲ್ಲೂಕು ಬಿಟ್ಟು ಹೋಗದ ಒಂದು ಆಂಬುಲೆನ್ಸ್. ಇಷ್ಟಕ್ಕೆ ತಗಲುವ ಹಣ ಒಂದು ವೈದ್ಯಕೀಯ ಕಾಲೇಜಿನ ಕಟ್ಟಡದ ಮುಂದೆ ಕಾಣುವಷ್ಟೂ ಇರದು.

ಈ ಕೆಲಸಕ್ಕೆ ಒಂದು ಗಡುವೂ ತಾನಾಗಿ ಒದಗಿದೆ. ಉಪಕೇಂದ್ರ, ಪಿಎಚ್‌ಸಿ, ಆಶಾ ಎಲ್ಲದರ ಹಂಚಿಕೆ ಇಷ್ಟು ವರ್ಷ ಕುಂಟುತ್ತಾ ಬಂದಿರುವುದು 2011ರ ಜನಸಂಖ್ಯೆಯ ಮೇಲೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನಾಂಕ. ಹೊಸ ಅಂಕಿ ಬಂದ ಮೇಲೆ ಕೇಂದ್ರಗಳ ವ್ಯಾಪ್ತಿ ಮತ್ತೆ ಹರಿದು ಹಂಚಿಕೆಯಾಗುತ್ತದೆ. ಹೆದ್ದಾರಿಯ ಅಕ್ಕಪಕ್ಕದ ಊರುಗಳು, ಬೆಂಗಳೂರಿನ ಕಡೆ ಬೆಳೆದ ಬಡಾವಣೆಗಳು ತಲೆಲೆಕ್ಕದಲ್ಲಿ ಮುಂದೆ ಬರುತ್ತವೆ. ಯುವಕರು ಕೆಲಸಕ್ಕೆ ಇಳಿದುಹೋಗಿ ಮುದುಕರು ಉಳಿದ ಗುಡ್ಡದ ಊರುಗಳು ಹಿಂದೆ ಬೀಳುತ್ತವೆ. ಹಳೆಯ ಸೂತ್ರದಲ್ಲೇ ಹಂಚಿದರೆ ಈಗಿರುವ ಆಶಾಗಳನ್ನೂ ಅಲ್ಲಿಂದ ಕೆಳಗಿಳಿಸಬೇಕಾದೀತು. ಚಿಕ್ಕಬಳ್ಳಾಪುರದ ಜಿಲ್ಲಾ ಪಂಚಾಯಿತಿ ತನ್ನ ಊರುಗಳ ನಿಮಿಷದ ಪಟ್ಟಿಯನ್ನು ಆ ಹಂಚಿಕೆಗೆ ಮೊದಲೇ ಆರೋಗ್ಯ ಇಲಾಖೆಯ ಮೇಜಿಗೆ ತಲುಪಿಸಬೇಕು. ತಲಕಾಯಲಬೆಟ್ಟದ ಸುತ್ತಲಿನ ಊರುಗಳನ್ನು ಆಗಲೇ ಒಮ್ಮೆ ಮನೆಮನೆ ನಡೆದು ನೋಡಿದವರಿದ್ದಾರೆ, ಅಲ್ಲಿಂದಲೇ ಶುರುಮಾಡಬಹುದು.